ಬಾದಾಮಿಯ ಬಂಡೆಯ ಬುಡದಲ್ಲಿ

ಮನೆಯ ಹುಡುಗರಿಗೆ ಬುದ್ಧಿ ಹೇಳಲು ಹೊರಟ ಹಿರಿಯರು ಹೇಳತಕ್ಕ ಮಾತನ್ನು ಮೊದಲೇ ಹೊಂದಿಸಿಕೊಂಡು ಹೋಗುವದುಂಟು. ನಾವೂ ಹಾಗೆಯೇ ಹೋಗಿದ್ದೆವು. ಮೂವತ್ತಾರು ವರ್ಷ ಶಾಲೆಯಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸಿ, 2023ರಲ್ಲಿ ನಿವೃತ್ತರಾಗಿ, ರಾಯಬಾಗದ ಮನೆಯ ಕಟ್ಟೆಯ ಮೇಲೆ ಕುಳಿತವರಿಗೆ ಮಾತಿನ ಕೊರತೆ ಎಲ್ಲಿಯದು? ಆದರೆ ಹೊಂದಿಸಿಕೊಂಡು ಒಯ್ದ ಮಾತುಗಳಲ್ಲಿ ಒಂದೂ ಉಪಯೋಗಕ್ಕೆ ಬಾರದೆ ಹೋಯಿತು. ಆ ಸಂಗತಿಯನ್ನೇ ವಾಚಕರ ಮುಂದೆ ಇಡುತ್ತಿದ್ದೇವೆ.

ನಮ್ಮ ತಮ್ಮನು ಹದಿನೇಳು ವರ್ಷ ಮರಾಠಾ ಪಲ್ಟನಿನಲ್ಲಿ ಸಿಪಾಯಿಯಾಗಿದ್ದನು. 1999ರ ಕಾರ್ಗಿಲ್ ಯುದ್ಧದ ವರ್ಷ ಅವನಿದ್ದದ್ದು ಉತ್ತರದ ಗಡಿಯಲ್ಲಿ. ಆಮೇಲೆ ನಿವೃತ್ತಿವೇತನ ಪಡೆದು ಊರಿಗೆ ಬಂದು, ಕಬ್ಬು ಹಚ್ಚಿಕೊಂಡಿದ್ದು, 2019ರಲ್ಲಿ ತೀರಿಕೊಂಡನು. ಅವನ ಹಿಂದೆ ಹೆಂಡತಿ, ಒಬ್ಬ ಮಗ, ಒಬ್ಬ ಮಗಳು. ಹುಡುಗನಿಗೆ ಆಗ ಹದಿನೈದು. ಹತ್ತೊಂಬತ್ತಾಗುವಷ್ಟರಲ್ಲಿ ಅವನಿಗೆ ಎರಡು ಹುಚ್ಚುಗಳು ಹತ್ತಿದವು. ಒಂದು, ಬಾದಾಮಿಯ ಬಂಡೆ ಏರುವದು, ಇನ್ನೊಂದು, ಅಗ್ನಿವೀರನಾಗುವದು. ಮೊದಲನೆಯದನ್ನು ತಾಯಿ ಹೇಗೋ ಸಹಿಸಿದಳು. ಎರಡನೆಯದನ್ನು ಕೇಳಿದೊಡನೆ ನಮ್ಮ ಮನೆಗೆ ಬಂದು ಬಾಗಿಲ ಮರೆಗೆ ನಿಂತು, “ಭಾವಾರ, ಅವರು ಗಡಿಯಾಗಿದ್ದಾಗ ಐದು ವರ್ಷ ಫೋನ್ ಬಂದರ ಎದಿ ಹೊಡಕೋತಿತ್ತು. ಇನ್ನೊಮ್ಮೆ ನನ್ನಿಂದ ಆಗಾಂಗಿಲ್ರೀ. ನೀವ ಅವಗ ತಿಳಿಸಿ ಹೇಳ್ರಿ” ಎಂದಳು. ಮುಂದಿನ ತಿಂಗಳು, ಅಂದರೆ 2024ರ ಫೆಬ್ರುವರಿಯಲ್ಲಿ, ಅರ್ಜಿ ತುಂಬುವ ಕಾಲ. ಹುಡುಗನು ಆಗಲೇ ಬಾದಾಮಿಗೆ ಹೋಗಿದ್ದನು. ಬನದ ಹುಣ್ಣಿವೆ ಸಮೀಪಿಸಿತ್ತು; ಬನಶಂಕರಿ ನಮ್ಮ ಕುಲದೇವತೆ. ದೇವಿಯ ದರ್ಶನದ ನೆವದಿಂದ ನಾವು ಹೊರಟೆವು.

ಮುಗಳಖೋಡ, ಮಹಾಲಿಂಗಪುರ, ಮುಧೋಳ, ಲೋಕಾಪುರ. ದಾರಿಯುದ್ದಕ್ಕೂ ಕಬ್ಬು ಹೇರಿದ ಟ್ರ್ಯಾಕ್ಟರುಗಳು, ಒಂದೊಂದಕ್ಕೂ ಎರಡೆರಡು ಟ್ರೇಲರು. ಹಿಂದಿನ ಜೂನದಲ್ಲಿ ಆರಂಭವಾದ ಶಕ್ತಿ ಯೋಜನೆಯ ಪುಣ್ಯದಿಂದ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ತಿಕೀಟಿಲ್ಲ, ಆದುದರಿಂದ ನಮಗೆ ಕುಳಿತುಕೊಳ್ಳಲು ಸ್ಥಳವಿಲ್ಲ. ದೂರು ಹೇಳುತ್ತಿಲ್ಲ, ತಾಯಂದಿರು ನಗುನಗುತ್ತ ಜಾತ್ರೆಗೆ ಹೊರಟದ್ದನ್ನು ಮಹಾಲಿಂಗಪುರದಿಂದ ನಿಂತುಕೊಂಡೇ ನೋಡಿದೆವು.

ರಥೋತ್ಸವದ ಮರುದಿನ, ಜನವರಿ 26, ಬೆಳಿಗ್ಗೆ ಹುಡುಗನು ನಮ್ಮನ್ನು ಬಂಡೆಯ ಬುಡಕ್ಕೆ ಕರೆದೊಯ್ದನು. ಗುಹಾಲಯಗಳಿರುವ ಬಂಡೆಯಲ್ಲ, ಸಂರಕ್ಷಿತ ಸ್ಥಳಗಳನ್ನು ಬಿಟ್ಟು ದೂರದಲ್ಲಿರುವ ಕೆಂಪು ಮರಳುಗಲ್ಲಿನ ಗೋಡೆ. ಮುಂಗೈಯಷ್ಟೂ ಜಾರಿಲ್ಲದೆ ನೆಟ್ಟಗೆ ನಿಂತ ಕಲ್ಲು. ಅದರಲ್ಲಿ ಅಲ್ಲಲ್ಲಿ ಉಕ್ಕಿನ ಬೋಲ್ಟುಗಳನ್ನು ಕೊರೆದು ಕೂಡಿಸಿದ್ದಾರೆ. ಏರುವವನು ಸೊಂಟಕ್ಕೆ ಪಟ್ಟಿ ಕಟ್ಟಿ, ಬೆನ್ನ ಹಿಂದಿನ ಚೀಲದಲ್ಲಿಯ ಬಿಳಿಯ ಪುಡಿಯನ್ನು ಕೈಗೆ ಸವರಿಕೊಂಡು, ಬೋಲ್ಟಿನಿಂದ ಬೋಲ್ಟಿಗೆ ಹಗ್ಗವನ್ನು ಸಿಕ್ಕಿಸುತ್ತ ಹೋಗುತ್ತಾನೆ. ಹಗ್ಗದ ಇನ್ನೊಂದು ತುದಿಯು ಕೆಳಗೆ ನಿಂತವನ ಸೊಂಟದಲ್ಲಿ. ಬಿದ್ದರೆ ಹಿಡಿಯುವವನು ಅವನೇ. ಮಳೆಯಾದ ಮೇಲೆ ಈ ಕಲ್ಲನ್ನು ಏರಬಾರದಂತೆ. ನೀರು ಕುಡಿದ ಮರಳುಗಲ್ಲು ಮೆತ್ತಗಾಗಿ ಹಿಡಿಕೆಯೇ ಕಿತ್ತು ಬರುವದು. ನಾವು ಸುತ್ತಲೂ ನೋಡುತ್ತ ಮುಂದೆ ಹೆಜ್ಜೆ ಇಟ್ಟೆವಷ್ಟೆ, ಹುಡುಗನು, “ದೊಡ್ಡಪ್ಪ, ಹಗ್ಗದ ಮ್ಯಾಲ ಕಾಲ ಇಡಬ್ಯಾಡ್ರಿ!” ಎಂದು ಕೂಗಿದನು. ತುಳಿದರೆ ಮರಳಿನ ಕಣ ಒಳಗಿನ ಎಳೆಗಳಿಗೆ ಹೊಕ್ಕು ಕೊಯ್ಯುವದಂತೆ. ಪುಸ್ತಕಕ್ಕೆ ಕಾಲು ತಗುಲಿದರೆ ಕಣ್ಣಿಗೊತ್ತಿಕೊಳ್ಳುವ ನಾವು ಅಂದು ಹಗ್ಗಕ್ಕೂ ಹಾಗೆಯೇ ಮಾಡಿದೆವು. ಅಲ್ಲಿದ್ದವರೆಲ್ಲರೂ ನಕ್ಕರು.

ಅಲ್ಲಿ ಐದು ಜನ. ಪುಣೆಯವರಿಬ್ಬರು, ಬೆಂಗಳೂರಿನ ಒಬ್ಬ ತರುಣಿ, ಬಾದಾಮಿಯವನೇ ಆದ ಒಬ್ಬ ತರುಣ, ನಮ್ಮ ಹುಡುಗ. ಬಾದಾಮಿಯಲ್ಲಿ ತಿಮ್ಮಯ್ಯ ಸಾಹಸ ಅಕಾಡೆಮಿಯು ಶಿಬಿರಗಳನ್ನು ನಡೆಸುತ್ತಿರುವದರಿಂದ ನಮ್ಮ ಹುಡುಗನು ಕಲಿತದ್ದು ಅಲ್ಲಿಯೇ. ಒಂದೊಂದು ಏರುದಾರಿಗೂ ಹೆಸರು, ಒಂದೊಂದಕ್ಕೂ ದರ್ಜೆ: ಮೊದಲು ಅಂಕೆ, ಆಮೇಲೆ ಅಕ್ಷರ, ಸಾಲದಿದ್ದರೆ ಒಂದು ಅಧಿಕಚಿಹ್ನೆ. ಗಣೇಶನೆಂಬ ಮಾರ್ಗವು 8ಬಿ+. ದೇಶದಲ್ಲಿಯೇ ಅತಿ ಕಠಿನವಾದವುಗಳಲ್ಲೊಂದೆಂದು ಹೆಸರಾದದ್ದು. ವಿಘ್ನಹರ್ತನ ಹೆಸರಿನಲ್ಲಿ ಇಷ್ಟು ವಿಘ್ನವೇಕೆಂದು ನಾವು ಕೇಳಿದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಹುಡುಗನು ಆ ದಿನ ಪ್ರಯತ್ನಿಸುತ್ತಿದ್ದದ್ದು 7ಎ. ಅದೂ ಅವನಿಗೆ ದಕ್ಕಿರಲಿಲ್ಲ.

ಬಂಡೆಯ ಬುಡದಲ್ಲಿ ಬಂಡೆಯ ಮಾತೇ ಇರುವದೆಂದು ನಾವು ತಿಳಿದಿದ್ದೆವು. ಇದ್ದದ್ದು ಅರ್ಧ ಮಾತ್ರ. ಉಳಿದರ್ಧವು ನಮ್ಮ ಊರ ಕಟ್ಟೆಯ ಮಾತೇ. ಅಯೋಧ್ಯೆಯ ಪ್ರತಿಷ್ಠೆಯಾಗಿ ನಾಲ್ಕೇ ದಿನ. ಲೋಕಸಭೆಯ ಚುನಾವಣೆಗೆ ಕೆಲವೇ ತಿಂಗಳು. 2019ರಲ್ಲಿ ರಾಜ್ಯದ 28 ಸ್ಥಾನಗಳಲ್ಲಿ ಭಾಜಪಕ್ಕೆ 25 ಬಂದಿದ್ದವು. 2023ರ ವಿಧಾನಸಭೆಯಲ್ಲಿ ಕಾಂಗ್ರೆಸ್ಸಿಗೆ 135. ಈ ಎರಡು ಅಂಕೆಗಳನ್ನು ಆಚೆಗೊಮ್ಮೆ ಈಚೆಗೊಮ್ಮೆ ಎಳೆದಾಡಿದರು. ಬಾದಾಮಿಯ ತರುಣನು ಕಲ್ಲಿನ ಮೇಲೆ ಕುಳಿತು ಬೂಟಿನ ಲಾಡಿ ಬಿಗಿಯುತ್ತ, “2018ರಾಗ ಸಿದ್ದರಾಮಯ್ಯನವರು ಇಲ್ಲಿ 1,696 ಓಟಿನಿಂದ ಆರಿಸಿ ಬಂದ್ರು. ಅಷ್ಟು ಮಂದಿ ನಮ್ಮ ಓಣಿ ಜಾತ್ರ್ಯಾಗ ಕೂಡತಾರ. ಅವತ್ತ ಇಡೀ ರಾಜ್ಯ ಬಾದಾಮಿ ಎಲ್ಲೈತಿ ಅಂತ ನಕಾಶೆ ನೋಡ್ತು. 2023ರಾಗ ಅವರು ವರುಣಾಕ್ಕ ಹೋದ್ರು, ನಕಾಶೆ ಮಡಚಿದ್ರು” ಎಂದನು. ಪಕ್ಷ ಯಾವದೇ ಇರಲಿ, ಇಷ್ಟು ಚೆನ್ನಾಗಿ ಲೆಕ್ಕ ಒಪ್ಪಿಸುವ ವಿದ್ಯಾರ್ಥಿಗೆ ಪೂರ್ಣ ಅಂಕ ಕೊಡಬೇಕೆನಿಸಿತು.

ಸೈನ್ಯದ ಮಾತು ತೆಗೆದವಳು ಬೆಂಗಳೂರಿನ ತರುಣಿ. ಹುಡುಗನು ಅರ್ಜಿ ಹಾಕುವವನೆಂದು ಅವರೆಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದಂತೆ ನಟಿಸುತ್ತಿದ್ದವರು ನಾವೊಬ್ಬರೇ. “ನಾಲ್ಕು ವರ್ಷ ಇಟ್ಕೊಂಡು, ನೂರರಲ್ಲಿ ಎಪ್ಪತ್ತೈದು ಜನರನ್ನ ಮನೆಗೆ ಕಳಿಸೋದಾದ್ರೆ, ಅದು ಸೈನ್ಯಾನಾ, ಗುತ್ತಿಗೆ ಕೆಲಸಾನಾ?” ಎಂದಳು. ಪುಣೆಯವರಲ್ಲಿ ಹಿರಿಯನು ಮರಾಠಿಯಲ್ಲಿ ಉತ್ತರಿಸಿದನು. ನಮ್ಮ ಕಡೆಯವರಿಗೆ ಆ ಭಾಷೆ ಪರಕೀಯವಲ್ಲ. ಸೈನ್ಯವು ಎಳೆಯದಾಗಿರಬೇಕು, ನಿವೃತ್ತಿವೇತನಕ್ಕೆ ಹೋಗುವ ಹಣ ಶಸ್ತ್ರಕ್ಕೆ ಹೋಗಬೇಕು, ಮರಳಿ ಬಂದವರು ಶಿಸ್ತು ಕಲಿತ ನಾಗರಿಕರಾಗುವರು, ಇದು ಅವನ ವಾದ. ಬಾದಾಮಿಯವನು ತಲೆಯೆತ್ತದೆ, “ಬಂದೂಕ ಹೊಸಾದು ಬೇಕು ಖರೆ. ಅದನ್ನ ಹಿಡಿದಾಂವ ಮುದುಕ ಆಗಾಕ ಬ್ಯಾಡೇನ್ರಿ?” ಎಂದನು.

ಮಾತು ಉಕ್ರೇನಿಗೆ ಹೋಯಿತು. 2022ರ ಫೆಬ್ರುವರಿಯಲ್ಲಿ ಆರಂಭವಾದದ್ದು ಎರಡು ವರ್ಷಕ್ಕೆ ಬಂದಿದೆ, ನಲವತ್ತು ದಾಟಿದವರು ಕಂದಕದಲ್ಲಿದ್ದಾರೆ, ಹಾಗಾದರೆ ಎಳೆಯ ಸೈನ್ಯವೆಂಬ ಮಾತಿಗೆ ಅರ್ಥವೇನು ಎಂದಳು ತರುಣಿ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ರಶಿಯಾ ಮೂರು ಲಕ್ಷ ಮೀಸಲು ಜನರನ್ನು ಕರೆಯಿತಲ್ಲ, ನಾಲ್ಕು ವರ್ಷ ಕಲಿತು ಮನೆಗೆ ಬಂದವರಿದ್ದರೆ ನಮಗೂ ಆ ಬಲವಿರುವದು ಎಂದನು ಪುಣೆಯವನು. “ಹಾಗಾದ್ರೆ ಕಳಿಸೋದು ಕೆಲಸದಿಂದ ಮಾತ್ರ, ಯುದ್ಧದಿಂದ ಅಲ್ಲ!” ಎಂದು ಅವಳು ಎದ್ದು ನಿಂತಳು. ಪುಣೆಯವನ ಮುಖ ಕೆಂಪಾಯಿತು.

ವಿಶೇಷವೆಂದರೆ, ಇಷ್ಟು ಹೊತ್ತು ವಾದಿಸುತ್ತಿದ್ದ ಪುಣೆಯವನು ಒಮ್ಮೆಯೂ ಅವಳ ಕಡೆಗೆ ತಿರುಗಿರಲಿಲ್ಲ. ನಮ್ಮ ಹುಡುಗನು ಮೇಲಿದ್ದನು, ಹಗ್ಗವು ಇವನ ಕೈಯಲ್ಲಿತ್ತು, ಕಣ್ಣು ಮೇಲೆಯೇ. ವಾದದ ನಡುವೆ ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸಿ ಹಗ್ಗ ಬಿಡುವನು, ಎಳೆದುಕೊಳ್ಳುವನು, “ಎಡಗೈ ಇನ್ನೂ ಮೇಲೆ, ಅಂಚು ಇದೆ” ಎನ್ನುವನು, ಮತ್ತೆ ವಾಕ್ಯವನ್ನು ಮುಗಿಸುವನು. ಶಾಲಾನಿರೀಕ್ಷಕರ ಮುಂದೆಯೂ ಇಷ್ಟು ಏಕಾಗ್ರತೆಯಿಂದ ನಿಂತ ಮಾಸ್ತರನನ್ನು ನಾವು ಕಂಡಿಲ್ಲ.

ಐದನೆಯ ಬೋಲ್ಟನ್ನು ದಾಟಿ ಹುಡುಗನು ಬಿದ್ದನು. ಕೂಗು ಕೇಳಿಸಲಿಲ್ಲ, ಮೇಲೆ ಕಾಣುತ್ತಿದ್ದವನು ಎರಡಾಳುದ್ದ ಕೆಳಗೆ ಕಂಡನು. ಹಗ್ಗ ಬಿಗಿದು ಪುಣೆಯವನ ಪಾದಗಳು ನೆಲ ಬಿಟ್ಟು ಒಂದು ಮೊಳ ಮೇಲೆದ್ದವು. ನಮ್ಮ ಬಾಯಿಂದ ದೇವಿಯ ಹೆಸರು ಸಹ ಪೂರ್ತಿ ಹೊರಡಲಿಲ್ಲ. ಹುಡುಗನು ತೂಗಾಡುತ್ತ ಬೆರಳನ್ನು ನೋಡಿಕೊಂಡು, “ಬೆವರಿತ್ರಿ” ಎಂದನು. ಕೂಡಲೆ ನಾಲ್ವರೂ ಸೈನ್ಯವನ್ನೂ ಉಕ್ರೇನನ್ನೂ ಬಿಟ್ಟು, ಬಲಗಾಲು ಎಲ್ಲಿಡಬೇಕಾಗಿತ್ತೆಂಬ ಚರ್ಚೆಗೆ ತೊಡಗಿದರು. ಅದರಲ್ಲಿಯೂ ಒಮ್ಮತವಿರಲಿಲ್ಲ.

ಊಟದ ಹೊತ್ತಿಗೆ ತರುಣಿಯು ನಮ್ಮನ್ನು ಬಾದಾಮಿಯ ಕೋಟೆಯ ವಿಷಯ ಕೇಳಿದಳು. ಮಾಸ್ತರನಿಗೆ ಪ್ರಶ್ನೆ ಕೇಳುವದು ಒಣಹುಲ್ಲಿಗೆ ಕಿಡಿ ತಗುಲಿಸಿದಂತೆ. ಶಕವರ್ಷ 465, ಅಂದರೆ ಕ್ರಿ.ಶ. 543ರಲ್ಲಿ, ಮೊದಲನೆಯ ಪುಲಕೇಶಿಯು ವಾತಾಪಿಯ ಈ ಗಿರಿಯನ್ನು ದುರ್ಗವಾಗಿ ಮಾಡಿ, ಅದು ಮೇಲಿನಿಂದಲೂ ಕೆಳಗಿನಿಂದಲೂ ಅಜೇಯವೆಂಬರ್ಥದ ಸಂಸ್ಕೃತ ಶಾಸನವನ್ನು ಬಂಡೆಯ ಮೇಲೆ ಬರೆಯಿಸಿದನೆಂದೂ, 642ರಲ್ಲಿ ಪಲ್ಲವ ನರಸಿಂಹವರ್ಮನು ಬಂದು ವಾತಾಪಿಯನ್ನು ಹಿಡಿದು ಇಲ್ಲಿಯ ಬಂಡೆಯ ಮೇಲೆಯೇ ತನ್ನ ಶಾಸನವನ್ನೂ ಕೊರೆಯಿಸಿದನೆಂದೂ ಹೇಳಿದೆವು. ನಡುವೆ ಹರ್ಷವರ್ಧನನನ್ನು ನರ್ಮದೆಯಲ್ಲಿ ತಡೆದ ಎರಡನೆಯ ಪುಲಕೇಶಿಯ ಪ್ರಸಂಗವನ್ನೂ ಬಿಡಲಿಲ್ಲ. ಬಾದಾಮಿಯವನು ಬೆರಳು ಮಡಚಿ, “ತೊಂಬತ್ತೊಂಬತ್ತು ವರ್ಷ. ನೂರಕ್ಕ ಒಂದು ಕಡಿಮಿ” ಎಂದನು. ಪುಣೆಯವನು ಮೊದಲ ಬಾರಿ ನಕ್ಕನು.

ನಮಗೆ ಮಾತ್ರ ನಗೆ ಬರಲಿಲ್ಲ. ಈ ವೀರರ ಕಥೆಗಳನ್ನೇ ನಾವು ಮೂವತ್ತಾರು ವರ್ಷ ಹುಡುಗರಿಗೆ ಕಂಠಪಾಠ ಮಾಡಿಸಿದ್ದು. ‘ಸೈನಿಕ’ ಎಂಬ ವಿಷಯದ ಮೇಲೆ ನಿಬಂಧ ಬರೆಯಿಸಿ, ದೇಶಕ್ಕಾಗಿ ಪ್ರಾಣ ಕೊಡುವೆನೆಂದು ಮುಗಿಸಿದವರಿಗೆ ಎರಡಂಕ ಹೆಚ್ಚು ಕೊಟ್ಟಿದ್ದೇವೆ. ಆ ಹುಡುಗರಲ್ಲಿ ಎಷ್ಟೋ ಜನ ಹೋದರು. ಅವರ ತಾಯಂದಿರು ನಮ್ಮ ಬಾಗಿಲಿಗೆ ಬಂದಿರಲಿಲ್ಲ, ನಾವೂ ಅವರ ಬಾಗಿಲಿಗೆ ಹೋಗಿರಲಿಲ್ಲ. ಈಗ ಮನೆಯ ಹುಡುಗನೆಂದೊಡನೆ ಶಾಂತಿಪರವಾದ ಸುಭಾಷಿತಗಳನ್ನು ಹುಡುಕಿ ತೆಗೆದು ಜೇಬಿನಲ್ಲಿಟ್ಟುಕೊಂಡು ಬಂದಿದ್ದೆವು.

ಸಂಜೆಗೆ ಚೊಳಚಗುಡ್ಡಕ್ಕೆ ಹೋಗಿ, ದೇವಿಯ ದರ್ಶನ ಮಾಡಿಕೊಂಡು, ಹರಿದ್ರಾತೀರ್ಥದ ಕಟ್ಟೆಯ ಹತ್ತಿರ ಕುಳಿತೆವು. ಬುಟ್ಟಿ ಹೊತ್ತ ತಾಯಿಯೊಬ್ಬಳು ಜೋಳದ ರೊಟ್ಟಿ, ಶೇಂಗಾಹಿಂಡಿ, ಗಟ್ಟಿ ಮೊಸರು ಬಡಿಸಿದಳು. ಆಚೆ ನಾಟಕ ಕಂಪನಿಯವರ ಧ್ವನಿವರ್ಧಕ, ಈಚೆ ಮಾರಾಟಕ್ಕೆ ನಿಲ್ಲಿಸಿದ ಕಟ್ಟಿಗೆಯ ಬಾಗಿಲುಗಳು. ನಾವು ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ ಹುಡುಗನೇ, “ಅವ್ವ ಕಳಿಸ್ಯಾಳಲ್ರಿ?” ಎಂದನು.

ಹೌದೆಂದೆವು. ಅವನು ಲೆಕ್ಕ ಹೇಳಿದನು. ಕೊಳವೆಬಾವಿಗೆ ತೆಗೆದ ಸಾಲ ಆರು ಲಕ್ಷ. ತಂಗಿಯ ನರ್ಸಿಂಗ್ ಕಾಲೇಜಿನ ಫೀ ಇನ್ನೂ ಮೂರು ವರ್ಷ. ಅಗ್ನಿವೀರನಿಗೆ ಮೊದಲ ವರ್ಷ ತಿಂಗಳಿಗೆ 30,000. ಕೈಗೆ ಬರುವದು 21,000. ನಾಲ್ಕು ವರ್ಷದ ಕೊನೆಗೆ ಸೇವಾನಿಧಿ ಹನ್ನೊಂದು ಲಕ್ಷದ ಮೇಲೆ. “ಪಿಂಚಣಿ ಇಲ್ಲ, ಗೊತ್ತೈತ್ರಿ. ಅಪ್ಪನ ಕಾಲ ಬ್ಯಾರೆ” ಎಂದನು. ನಮ್ಮ ಜೇಬಿನ ಸುಭಾಷಿತಗಳಲ್ಲಿ ಕೊಳವೆಬಾವಿಯ ಸಾಲಕ್ಕೆ ಉತ್ತರವಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ನಾವು, “ನಿವೃತ್ತಿಯ ಹಣ ಬ್ಯಾಂಕಿನಲ್ಲಿ ಬಿದ್ದಿದೆ. ಸಾಲವನ್ನು ನಾವೇ ತೀರಿಸಿದರೆ?” ಎಂದು ಕೇಳಿದೆವು.

ಹುಡುಗನು ರೊಟ್ಟಿ ಮುರಿಯುವದನ್ನು ನಿಲ್ಲಿಸಿದನು. “ತೀರಿಸ್ರಿ ದೊಡ್ಡಪ್ಪ. ಅವ್ವಗ ಭಾಳ ಹಗುರಾಗತೈತಿ. ನಾ ಆದರೂ ಹೋಗತೀನಿ.”

“ಯಾಕ?”

“ಅಪ್ಪ ಆ ಕಡೀದು ಏನೂ ಹೇಳತಿರಲಿಲ್ಲ. ಅಂವ ಎಲ್ಲಿದ್ದ ಅಂತ ನೋಡಬೇಕ್ರಿ.”

ನಮಗೂ ಅವನು ಹೇಳಿರಲಿಲ್ಲ. ಒಡಹುಟ್ಟಿದವರಾಗಿ ನಾವು ಕೇಳಿಯೂ ಇರಲಿಲ್ಲ. ಕಟ್ಟೆಯ ಮೇಲೆ ಮತ್ತೆ ಮಾತಾಗಲಿಲ್ಲ.

ಸಾಲದಲ್ಲಿ ಅರ್ಧವನ್ನು ತೀರಿಸಿದೆವು; ಇನ್ನರ್ಧಕ್ಕೆ ನಮ್ಮ ಮನೆಯಲ್ಲಿಯೂ ಒಪ್ಪಿಗೆ ಬೇಕಾಗಿತ್ತು, ಅದು ಬರಲಿಲ್ಲ. ಫೆಬ್ರುವರಿಯಲ್ಲಿ ಹುಡುಗನು ರಾಯಬಾಗದ ಒಂದು ಅಂಗಡಿಯಲ್ಲಿ ಅರ್ಜಿ ತುಂಬಿದನು. ಶುಲ್ಕದ 250 ರೂಪಾಯಿ ನಮ್ಮದೇ. ಅವನ ತಾಯಿ ಒಂದು ತಿಂಗಳು ನಮ್ಮೊಡನೆ ಮಾತು ಬಿಟ್ಟಳು. ಮೇ 7ರಂದು ನಮ್ಮ ಕಡೆ ಮತದಾನವಾದಾಗ ಹುಡುಗನು ಮೊದಲ ಸಲ ಲೋಕಸಭೆಗೆ ಮತ ಹಾಕಿ ಬೆರಳಿನ ಮಸಿ ತೋರಿಸಿದನು. ಯಾರಿಗೆಂದು ನಾವು ಕೇಳಲಿಲ್ಲ. ವರ್ಷ ಮುಗಿಯುವದರೊಳಗೆ ಅವನು ತರಬೇತಿಗೆ ಸೇರಿದನು.

ಮುಂದಿನ ವರ್ಷ ಅದೇ ಮೇ 7ರ ಬೆಳಗಿನಲ್ಲಿ, ಪಹಲಗಾಮದ ಹತ್ಯೆಗಳಾಗಿ ಎರಡು ವಾರಕ್ಕೆ, ನಮ್ಮ ಸೈನ್ಯವು ಗಡಿಯಾಚೆ ದಾಳಿ ಮಾಡಿದ ಸುದ್ದಿ ಬಂದಿತು. ಹುಡುಗನು ಇನ್ನೂ ತರಬೇತಿಯಲ್ಲಿಯೇ ಇದ್ದನು. ಅವನನ್ನು ಗಡಿಗೆ ಕಳಿಸುವ ಸಂಭವವಿರಲಿಲ್ಲವೆಂದು ನಾವು ತಾಯಿಗೆ ದಿನಕ್ಕೆ ನಾಲ್ಕು ಸಲ ತಿಳಿಸಿ ಹೇಳಿದೆವು. ಅವಳು ನಮ್ಮ ಪಡಸಾಲೆಯಲ್ಲಿ ಟಿವಿಯ ಮುಂದೆ ಕುಳಿತವಳು ಊಟಕ್ಕೂ ಏಳಲಿಲ್ಲ. ನಾಲ್ಕನೆಯ ದಿನ ಸಂಜೆ ಐದಕ್ಕೆ ಕದನ ನಿಂತಿತು. ಮರುದಿನ ಆದಿತ್ಯವಾರ ಹುಡುಗನ ಫೋನ್ ಬಂದಿತು. ತಾಯಿ ಮಾತಾಡಿ, ಕಣ್ಣೊರೆಸಿಕೊಂಡು, ಫೋನನ್ನು ನಮ್ಮ ಕೈಗೆ ಕೊಟ್ಟಳು.

“ದೊಡ್ಡಪ್ಪ, ನನ್ನ ಹಗ್ಗ ಎಲ್ಲೈತ್ರಿ?”

ಅಟ್ಟದ ಮೇಲಿದೆಯೆಂದೆವು.

“ಅಲ್ಲಿ ಇಲಿ ಅದಾವ. ಕೆಳಗ ತಗದು ಕ್ವಾಣ್ಯಾಗ ಗೂಟಕ್ಕ ಹಾಕ್ರಿ. ಬಿಸಿಲ ಬೀಳಬಾರದು.”

ಅದೇ ದಿನ ತೆಗೆದು ಹಾಕಿದೆವು. ನಿಚ್ಚಣಿಕೆಯನ್ನು ಹಿಡಿದು ನಿಂತವಳು ಅವನ ತಾಯಿ.