ತವರಿನ ಬೆಲೆ

ಮಲ್ಲೇಶ್ವರದಲ್ಲಿ ಮನೆ ಕೊಳ್ಳುವಷ್ಟು ದುಡ್ಡು ನಮ್ಮ ಏಳು ತಲೆಮಾರಿನಲ್ಲಿ ಯಾರ ಬಳಿಯೂ ಇರಲಿಲ್ಲ. ಆದರೂ ಹೋದ ಯುಗಾದಿಗೆ ಬೆಂಗಳೂರಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅಲ್ಲಿ ಒಂದು ಮನೆ ನೋಡಿ ಬಂದೆ. ಅದೂ ಹನ್ನೆರಡು ಕೋಟಿಯದು! ಕೊಳ್ಳುವವಳ ಹಾಗೆ ನಟಿಸಿ ಒಳಗೆ ಹೋಗಿದ್ದೆ ಎಂದರೆ ನೀವು ನಗಬಹುದು.

ಆದದ್ದಿಷ್ಟೆ. ಮಗಳು ಫೋನಿನಲ್ಲಿ ಬಂದ ಜಾಹೀರಾತು ತೋರಿಸಿ, "ಅಮ್ಮಾ, ಇದು ತಾತನ ಮನೆ ಅಲ್ವಾ?" ಎಂದಳು. ಬಣ್ಣ ಬದಲಾಗಿತ್ತು. ಆದರೆ ಕಿಟಕಿಯ ಮೇಲೆ ಟೋಪಿಯಂತೆ ಕೂತ ಮರದ ಪಟ್ಟಿಗಳ ಮಂಕಿಟಾಪನ್ನು ಮರೆಯುವುದುಂಟೇ? ನಾನು ಹುಟ್ಟಿ ಬೆಳೆದು, 1984ರಲ್ಲಿ ಮಡಿಲಕ್ಕಿ ತುಂಬಿಸಿಕೊಂಡು ಹೊರಟ ಮನೆ ಅದು.

ಬಾಗಿಲಲ್ಲೇ ದಲ್ಲಾಳಿ ಹುಡುಗ ಕಾಯುತ್ತಿದ್ದ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದ ಮೇಲೆ, ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರತರಲು ಮಲ್ಲೇಶ್ವರವನ್ನೂ ಬಸವನಗುಡಿಯನ್ನೂ ಬೆಳೆಸಿದರೆಂದು ನನಗೇ ಪಾಠ ಹೇಳಿದ. ತಲೆಯಾಡಿಸಿದೆ.

"ನೋಡಿ ಮೇಡಂ, ಒರಿಜಿನಲ್ ರೆಡ್ ಆಕ್ಸೈಡ್ ನೆಲ. ಈಗ ದುಡ್ಡು ಕೊಟ್ಟರೂ ಈ ಹೊಳಪು ಬರಲ್ಲ."

ದುಡ್ಡು ಕೊಟ್ಟರೆ ಹೇಗೆ ಬಂದೀತು? ಅಮ್ಮ ಶುಕ್ರವಾರ ಶುಕ್ರವಾರ ಮಂಡಿಯೂರಿ ಕೂತು, ಹಳೆಯ ಪಂಚೆಯ ತುಂಡಿಗೆ ಎರಡು ತೊಟ್ಟು ಕೊಬ್ಬರಿ ಎಣ್ಣೆ ಹಾಕಿ ಉಜ್ಜುತ್ತಿದ್ದಳು. ನಲವತ್ತು ವರ್ಷ ಉಜ್ಜಿದಳು. ನಡುಮನೆಯ ಹೊಸಿಲಿನ ಬಳಿ ಅಣ್ಣ ಒರಳುಗುಂಡು ಬೀಳಿಸಿ ಮಾಡಿದ ಗುಳಿ ಹಾಗೆಯೇ ಇತ್ತು. ಚಪ್ಪಲಿ ಬಿಟ್ಟ ಕಾಲಿನ ಹೆಬ್ಬೆರಳನ್ನು ಯಾರಿಗೂ ಕಾಣದಂತೆ ಅದರಲ್ಲಿ ಇಟ್ಟು ನೋಡಿದೆ. ಸರಿಯಾಗಿ ಕೂತಿತು.

ಮೇಲೆ ಸಾಗುವಾನಿ ತೊಲೆಗಳ ನಡುವೆ ಸಣ್ಣ ಇಟ್ಟಿಗೆಗಳನ್ನು ಗಾರೆಯಲ್ಲಿ ಓರೆಯಾಗಿ ನಿಲ್ಲಿಸಿ ಕಟ್ಟಿದ ಮದ್ರಾಸ್ ತಾರಸಿ. ಸುಣ್ಣ ಕೆರೆದು, ಇಟ್ಟಿಗೆ ಕಾಣುವಂತೆ ದೀಪ ಬಿಟ್ಟಿದ್ದರು. ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ. ಅಡುಗೆಮನೆಯ ಗೋಡೆ ಒಡೆದು ಹಜಾರಕ್ಕೆ ಸೇರಿಸಿದ್ದರು. ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ, ಗೋಡೆಗೆ ಕಿವಿಗೊಟ್ಟು ರೇಡಿಯೋ ನಾಟಕ ಕೇಳುತ್ತಿದ್ದ ಅಮ್ಮನ ನೆನಪಾಗಿ, ಒಡೆದದ್ದೇ ಒಳ್ಳೆಯದಾಯಿತು ಎನ್ನಿಸಿತು.

ಹಿತ್ತಿಲ ಕೋಣೆಯ ಬಾಗಿಲು ತೆರೆದು ಹುಡುಗ, "ಇದು ಸ್ಟಡಿ ರೂಂ ಮೇಡಂ. ಯಾರ ತೊಂದರೆಯೂ ಇಲ್ಲ" ಎಂದ. ತಿಂಗಳಿಗೆ ಮೂರು ದಿನ ಒಂದು ಚಾಪೆ, ಒಂದು ಚೊಂಬು ಇಟ್ಟುಕೊಂಡು ನಾವು ಕೂರುತ್ತಿದ್ದ ಕೋಣೆ ಅದು. ಆಗಲೂ ಯಾರೂ ಹತ್ತಿರ ಸುಳಿಯುತ್ತಿರಲಿಲ್ಲ! ಅದರ ಹಿಂದೆ, ಮಲ ಹೊರುವವರು ಬಂದುಹೋಗಲೆಂದು ಬಿಟ್ಟಿದ್ದ ಗಲ್ಲಿಯ ಕಡೆಗೆ ಈಗ ಕಾರಿನ ಗೇಟು.

ಹೊರಗೆ ಬಂದ ಮೇಲೆ ಮಗಳು ಕೇಳಿದಳು: "ಅಮ್ಮಾ, ಇದರಲ್ಲಿ ನಿನಗೆ ಪಾಲು ಬರಲಿಲ್ವಾ?"

ಅಪ್ಪ ಉಯಿಲು ಬರೆಯದೆ ತೀರಿಕೊಂಡರು. ಅಪ್ಪನ ಪಾಲಿನ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹಕ್ಕೆಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಹೇಳಿತ್ತು. 1994ರಲ್ಲಿ ಕರ್ನಾಟಕದ ತಿದ್ದುಪಡಿ ಪಿತ್ರಾರ್ಜಿತದಲ್ಲೂ ಹುಟ್ಟಿನಿಂದಲೇ ಸಮಪಾಲು ಕೊಟ್ಟಿತು. ಆದರೆ ಅದಕ್ಕೆ ಮೊದಲೇ ಮದುವೆಯಾದ ನನ್ನಂಥವರನ್ನು ಬಿಟ್ಟಿತು. ಆ ಭೇದ ಹೋದದ್ದು 2005ರ ಕೇಂದ್ರ ತಿದ್ದುಪಡಿಯಿಂದ. ಇದೆಲ್ಲ ಆಮೇಲೆ ತಿಳಿದುಕೊಂಡದ್ದು. 1996ರಲ್ಲಿ ಅಣ್ಣ ಹಕ್ಕು ಬಿಡುಗಡೆ ಪತ್ರ ತಂದಾಗ ನಾನೂ ತಂಗಿಯೂ ಓದದೆಯೇ ಸಹಿ ಹಾಕಿದೆವು. ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ ಎಂಬ ಭಯ. ಅತ್ತಿಗೆ ಅರಿಶಿನ ಕುಂಕುಮ, ಒಂದೊಂದು ರೇಷ್ಮೆ ಸೀರೆ ಕೊಟ್ಟಳು. ಸೀರೆ ಚೆನ್ನಾಗಿಯೇ ಇತ್ತು. ಅಮ್ಮ ಹೋದ ಮೇಲೆ, 2009ರಲ್ಲಿ, ಮಗನ ಓದಿಗೆಂದು ಅಣ್ಣ ಮನೆ ಮಾರಿದ. ಅವನು ಕೆಟ್ಟವನಲ್ಲ, ಈಗಲೂ ಗೌರಿ ಹಬ್ಬಕ್ಕೆ ತಪ್ಪದೆ ಬಾಗಿನದ ದುಡ್ಡು ಕಳಿಸುತ್ತಾನೆ. ಆದರೆ ಯಾವ ಬಾಗಿಲು ತೆರೆದಿರಲೆಂದು ಸಹಿ ಹಾಕಿದ್ದೆವೋ ಆ ಬಾಗಿಲೇ ಬೇರೆಯವರದಾಯಿತು.

"ಒಂದು ಸೀರೆ ಬಂತು" ಎಂದೆ. ಮಗಳು ಮಾತಾಡಲಿಲ್ಲ. ಆಟೋದಲ್ಲಿ ನನ್ನ ಕೈ ಹಿಡಿದು ಕೂತಳು.

ಅವಳ ಕೈ ನನಗೆ ಚುರುಕ್ಕೆಂದಿತು. ತುಮಕೂರಿನ ನಮ್ಮ ಮನೆ ನಮ್ಮಿಬ್ಬರ ಹೆಸರಿನಲ್ಲಿದೆ. ಅದು ಮಗನಿಗೆ ಎಂದು ಬರೆಸಿದ ಉಯಿಲಿನ ಕರಡು ಬೀರುವಿನಲ್ಲಿತ್ತು. "ಮಗಳನ್ನು ಚೆನ್ನಾಗಿಯೇ ಮದುವೆ ಮಾಡಿಕೊಟ್ಟಾಗಿದೆಯಲ್ಲ" ಎಂದು ಅದಕ್ಕೆ ತಲೆಯಾಡಿಸಿದವಳು ನಾನೇ.

ಊರಿಗೆ ಬಂದ ರಾತ್ರಿ ಬೀರು ತೆಗೆದೆ. ಮಗನ ಹೆಸರಿನ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಮಗಳ ಹೆಸರು ಬರೆದೆ. ಬೆಳಿಗ್ಗೆ ಆ ಹಾಳೆಯನ್ನು ನಮ್ಮವರ ಕಾಫಿ ಲೋಟದ ಪಕ್ಕದಲ್ಲಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಓದಿದರು. ಬಹಳ ಹೊತ್ತು ಸುಮ್ಮನಿದ್ದು, "ಪೆನ್ಸಿಲ್ಲಿನಲ್ಲಿ ಯಾಕೆ ಬರೆದೆ?" ಎಂದು ಕೇಳಿದರು.