ಆಗುಂಬೆಯಲ್ಲಿ ಒಂದು ಸಂಜೆ

ಕಳೆದ ಮಾಘಮಾಸದಲ್ಲಿ ನಾವು ಆಗುಂಬೆಗೆ ಹೋಗಿದ್ದೆವು. ಕರೆದೊಯ್ದವರು ನಮ್ಮ ಹಳೆಯ ಶಿಷ್ಯರು. ಶಿವಮೊಗ್ಗೆಯಲ್ಲಿ ಹದಿನೆಂಟು ವರ್ಷಗಳಿಂದ ದಂತವೈದ್ಯರಾಗಿರುವವರು. ರೋಗಿಗಳನ್ನು ಬಿಟ್ಟು ಒಂದು ದಿವಸವೂ ಊರು ದಾಟದವರು, ತಾವಾಗಿಯೇ ಮನೆಗೆ ಬಂದು, “ಮೇಷ್ಟ್ರೇ, ಎಲ್ಲಿಗಾದರೂ ಹೋಗಿಬರೋಣ, ತಾವು ಬರಲೇಬೇಕು” ಎಂದುದು ನಮಗೆ ಸೋಜಿಗವೆನಿಸಿತು.

ಮಂಡಗದ್ದೆಯನ್ನು ದಾಟಿ, ತೀರ್ಥಹಳ್ಳಿಯಲ್ಲಿ ತುಂಗೆಗೆ ಕೈಮುಗಿದು, ಅಡಕೆಯ ತೋಟಗಳ ನಡುವೆ ಸಾಗಿದೆವು. ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆ ಆ ದಿನ ನಿರ್ಮಲವಾದ ಆಕಾಶದ ಕೆಳಗೆ ಶಾಂತವಾಗಿದ್ದಿತು. ಸೂರ್ಯಾಸ್ತವನ್ನು ನೋಡುವ ಕಟ್ಟೆಯು ಘಟ್ಟದ ಅಂಚಿನಲ್ಲಿದೆ. ಕೆಳಗೆ ರಸ್ತೆಯು ಹಾವಿನಂತೆ ಸುತ್ತಿ ಸುತ್ತಿ ಸೋಮೇಶ್ವರಕ್ಕೆ ಇಳಿಯುತ್ತದೆ. ಅದರಾಚೆ ಕರಾವಳಿಯ ಕಾಡು, ಕೊನೆಗೆ ಸಮುದ್ರದ ಮಸಕುಗೆರೆ.

ನಮ್ಮ ಶಿಷ್ಯರು ಬಹಳ ಹೊತ್ತು ದೂರವನ್ನೇ ನೋಡುತ್ತಿದ್ದು ಹೇಳಿದರು: “ದಿನವೆಲ್ಲ ಒಂದು ಅಂಗೈಯಗಲದ ಜಾಗವನ್ನೇ ಬಗ್ಗಿ ನೋಡುವ ಕಣ್ಣಿದು, ಮೇಷ್ಟ್ರೇ. ಈಚೆಗೆ ರೋಗಿ ಬಾಯಿ ತೆರೆದರೆ ನನಗೆ ಹಲ್ಲು ಮಾತ್ರ ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ. ಈ ವೃತ್ತಿಯನ್ನು ಬಿಟ್ಟುಬಿಡೋಣವೆಂದಿದ್ದೇನೆ.”

ನಾವು ಮಾತಾಡಲಿಲ್ಲ. ಅವರೇ ಮುಂದುವರಿಸಿದರು. ಬಗ್ಗಿ ಬಗ್ಗಿ ಕುತ್ತಿಗೆ ಸೆಟೆದುಕೊಳ್ಳುತ್ತದೆ; ಯಂತ್ರದ ಕೀರಲು ದನಿ ಕಿವಿಯನ್ನು ಬಿಡುವುದಿಲ್ಲ; ಕುರ್ಚಿ, ಉಪಕರಣಗಳ ಸಾಲ ತೀರಬೇಕಾದರೆ ರೋಗಿಗಳ ಸಂಖ್ಯೆ ಇಳಿಯಬಾರದು. ಇವೆಲ್ಲಕ್ಕಿಂತ ಮಿಗಿಲಾಗಿ, ಬರುವವರೆಲ್ಲರೂ ಹೆದರಿಯೇ ಬರುತ್ತಾರೆ. ನೋವು ಹೋದೊಡನೆ ಓಡುತ್ತಾರೆ. ಮನಸ್ಸು ಬಿಚ್ಚಿ ಮಾತಾಡಲು ಪಕ್ಕದಲ್ಲಿ ಇನ್ನೊಬ್ಬ ವೈದ್ಯನಿಲ್ಲ.

ಸುಶ್ರುತನು ಶಸ್ತ್ರವೈದ್ಯನಿಗೆ ಹೇಳಿರುವ ಗುಣಗಳಲ್ಲಿ ಕೈ ಬೆವರದಿರುವುದೂ ನಡುಗದಿರುವುದೂ ಸೇರಿವೆ. ಅದನ್ನು ಪಾಠ ಹೇಳಿದ ನಾವು, ಆ ಕೈಯ ಹಿಂದಿರುವ ಮನಸ್ಸು ಬಳಲಿದರೆ ಏನು ಗತಿಯೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಈ ಬಳಲಿಕೆಗೆ 1974ರಲ್ಲಿ ಅಮೆರಿಕೆಯ ಮನೋವಿಜ್ಞಾನಿ ಫ್ರಾಯ್ಡೆನ್‌ಬರ್ಗರರು ‘ಬರ್ನ್‌ಔಟ್’ ಎಂಬ ಹೆಸರಿನಿಂದ ಲೇಖನ ಬರೆದರು. ಉರಿದು ಬರಿದಾದ ದೀಪವೆನ್ನಬಹುದು. 1981ರಲ್ಲಿ ಕ್ರಿಸ್ಟಿನಾ ಮ್ಯಾಸ್ಲಾಕ್‌ ಮತ್ತು ಅವರ ಸಹೋದ್ಯೋಗಿಯು ಇದರ ಮೂರು ಮುಖಗಳನ್ನು ಅಳೆಯುವ ಪ್ರಶ್ನಾವಳಿಯನ್ನು ಪ್ರಕಟಿಸಿದರು: ಮನಸ್ಸು ಬತ್ತುವುದು, ಎದುರಿನವನು ಮನುಷ್ಯನೆನಿಸದಿರುವುದು, ತನ್ನ ಕೆಲಸ ವ್ಯರ್ಥವೆನಿಸುವುದು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ರೋಗವೆಂದಲ್ಲದೆ, ಉದ್ಯೋಗದಿಂದ ಹುಟ್ಟುವ ಸ್ಥಿತಿಯೆಂದು ತನ್ನ ಪಟ್ಟಿಯಲ್ಲಿ ಸೇರಿಸಿತು. ಎಂದಮೇಲೆ ಇದನ್ನು ಸೋಮಾರಿತನವೆಂದೋ ಕರುಣೆಯ ಕೊರತೆಯೆಂದೋ ಹಳಿಯುವುದು ಅನ್ಯಾಯ.

ನಾವು ಆಗ ನಮ್ಮ ಗುಟ್ಟೊಂದನ್ನು ಹೇಳಿದೆವು. ನೌಕರಿಯ ಕೊನೆಯ ವರ್ಷಗಳಲ್ಲಿ ತಲೆ ಎತ್ತದೆಯೇ ಹಾಜರಿ ಕರೆಯುತ್ತಿದ್ದೆವು. ‘ಬಂದೆ ಸಾರ್’ ಎಂದ ಮಕ್ಕಳ ಮುಖ ಇಂದು ನೆನಪಿಗೆ ಬಾರದು. “ನಮಗೆ ಇದು ತಡವಾಗಿ ತಿಳಿಯಿತು, ನಿನಗೆ ಕಾಲ ಮೀರಿಲ್ಲ. ಬಿಡುವ ಮುನ್ನ ಭಾರವನ್ನು ಇಳಿಸಿ ನೋಡು” ಎಂದೆವು.

ಸೂರ್ಯನು ಹಿತ್ತಾಳೆಯ ತಂಬಿಗೆಯಂತೆ ಒಮ್ಮೆ ಹೊಳೆದು ಕಡಲಿನ ಮಬ್ಬಿನಲ್ಲಿ ಮುಳುಗಿದನು. ಹಿಂದಿರುಗುವ ದಾರಿಯಲ್ಲಿ ಅವರು, ದಿನಕ್ಕೆ ಇಷ್ಟೇ ರೋಗಿಗಳೆಂದು ಗೊತ್ತುಮಾಡುವುದು, ಇಬ್ಬರ ನಡುವೆ ಸ್ವಲ್ಪ ಬಿಡುವು ಇಡುವುದು, ಸಹಪಾಠಿಯೊಬ್ಬರನ್ನು ಚಿಕಿತ್ಸಾಲಯದಲ್ಲಿ ಪಾಲುದಾರರಾಗಿ ಸೇರಿಸಿಕೊಳ್ಳುವುದು, ಇವನ್ನು ಲೆಕ್ಕಹಾಕುತ್ತಿದ್ದರು. ವೃತ್ತಿಯಲ್ಲಿ ಉಳಿಯುವೆನೆಂದು ಮಾತು ಕೊಡಲಿಲ್ಲ, ನಾವೂ ಕೇಳಲಿಲ್ಲ.

ಗೃಹಸ್ಥರಾದ ವಾಚಕರಲ್ಲಿ ನಮ್ಮದೊಂದು ವಿನಂತಿ. ಹಲ್ಲು ಪೂರ್ತಿ ಹಾಳಾಗುವವರೆಗೆ ಕಾಯದೆ ಹೋಗಿರಿ. ಹೇಳಿದ ವೇಳೆಗೆ ಹೋಗಿರಿ. ಮಕ್ಕಳಿಗೆ ದಂತವೈದ್ಯರ ಹೆಸರು ಹೇಳಿ ಹೆದರಿಸಬೇಡಿರಿ. ನೋವು ಕಳೆದಮೇಲೆ ಬಾಗಿಲಲ್ಲಿ ಒಂದು ಕ್ಷಣ ನಿಂತು, ‘ಈಗ ಹಾಯಾಗಿದೆ’ ಎಂದು ಹೇಳಿ ಬನ್ನಿರಿ. ನಮ್ಮ ಹಲ್ಲನ್ನು ಕಿತ್ತ ದಿನ ನಾವೂ ಆ ಮಾತನ್ನು ಆಡದೆ ಬಂದಿದ್ದೆವು. ಆಗುಂಬೆಯಿಂದ ಹಿಂದಿರುಗಿದ ರಾತ್ರಿ ನಮ್ಮ ಮನೆಯ ಜಗಲಿಯ ಮುಂದೆ ಅದನ್ನು ಹೇಳಿದೆವು.