ಗುಡಿಗೆ ಬೆನ್ನು ಮಾಡಿ

ಹೊಸಪೇಟೆಯಿಂದ ತೋರಣಗಲ್ಲಿಗೆ ಹೋಗುವ ರೈಲುಹಾದಿಯಲ್ಲಿ ಗಾದಿಗನೂರು ಸಿಕ್ಕುವುದು. ನನ್ನ ಸೋದರತ್ತೆಯವರ ಮನೆ ಇರುವುದು ಅಲ್ಲಿ. ಅವರ ಹಳೆಯ ಪೆಟ್ಟಿಗೆಯಲ್ಲಿರುವ ಕಾಗದಗಳ ಮೇಲೆ ಆ ಒಂದೇ ಮನೆಗೆ ಬಗೆಬಗೆಯ ವಿಳಾಸ. ಹಿರಿಯರ ಕಾಲದವುಗಳಲ್ಲಿ ಮದರಾಸು ಪ್ರಾಂತ, 1953ರ ತರುವಾಯ ಮೈಸೂರು ರಾಜ್ಯ, 1973ರಿಂದ ಕರ್ನಾಟಕ, 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿದ ಮೇಲೆ ಬಳ್ಳಾರಿಯ ಹೆಸರೂ ಬಿಟ್ಟುಹೋಯಿತು. ಮನೆಯಾದರೋ ಒಂದು ಗೇಣೂ ಕದಲಿಲ್ಲ. ಅತ್ತೆಯವರು ಈ ವಿಳಾಸಗಳಲ್ಲಿ ಒಂದನ್ನೂ ಹೇಳುವವರಲ್ಲ. “ಗುಡೀಗೆ ಬೆನ್ನು ಮಾಡಿ ನಿಂದ್ರು, ಎಡಕ್ಕ ಮೂರನೇ ಬಾಗಿಲು” ಎಂಬುದೇ ಅವರು ಕೊಡುವ ಗುರುತು. ಆ ಮಾತಿನ ಬೆಲೆ ನನಗೆ ತಿಳಿದುದು ಒಂದು ಮುಖಭಂಗದಿಂದ.

ನಾನು ಬೆಂಗಳೂರಿನಲ್ಲಿ ಕಂಪ್ಯೂಟರಿಗೆ ತಂತ್ರಾಂಶ ಬರೆದು ಜೀವಿಸುವವನು. ಬಿಡುವಿನ ವೇಳೆಯಲ್ಲಿ ಮಕ್ಕಳಿಗಾಗಿ ಮೂರು ಸಣ್ಣ ತಂತ್ರಾಂಶಗಳನ್ನು ರಚಿಸಿದೆನು: ಅಕ್ಷರ ಕಲಿಸುವುದೊಂದು, ಗಾದೆ ಹೇಳುವುದೊಂದು, ಒಗಟು ಕೇಳುವುದೊಂದು. ಮೂರಕ್ಕೂ ಬೇಕಾದ ಚಿತ್ರಗಳೂ ಧ್ವನಿಗಳೂ ಒಂದೇ, ಧ್ವನಿ ಅತ್ತೆಯವರದು. ಮೊದಲು ಆ ಕಡತಗಳನ್ನು ಮೂರು ಕಡೆಯೂ ಪ್ರತಿಮಾಡಿ ಇಟ್ಟಿದ್ದೆನು. ಅತ್ತೆಯವರು ಒಂದು ಗಾದೆಯನ್ನು ತಿದ್ದಿ ಹೇಳಿದಾಗ ಅದನ್ನು ಒಂದರಲ್ಲಿ ಬದಲಿಸಿ, ಉಳಿದೆರಡರಲ್ಲಿ ಮರೆತೆನು. ಒಂದೇ ಬಾಯಿ ಎರಡು ಮಾತಾಡಿದಂತಾಯಿತು. ಆದುದರಿಂದ ಎಲ್ಲವನ್ನೂ ‘ಹಂಚಿಕೆ’ ಎಂಬ ಒಂದೇ ಫೋಲ್ಡರಿನಲ್ಲಿ ಇರಿಸಿ, ಮೂರೂ ಅಲ್ಲಿಂದಲೇ ಪಡೆಯುವಂತೆ ಮಾಡಿದೆನು. ಆದರೆ ಅಲ್ಲಿಗೆ ಹೋಗುವ ದಾರಿಯನ್ನು ನನ್ನ ಯಂತ್ರದ ಡಿಸ್ಕಿನ ಹೆಸರಿನಿಂದ ತೊಡಗಿ, ನನ್ನ ಹೆಸರಿನ ಫೋಲ್ಡರನ್ನು ಹಾಯ್ದು, ತುದಿಯವರೆಗೂ ಬರೆದಿಟ್ಟೆನು.

ಅದನ್ನೆಲ್ಲ ಊರಕಡೆಯ ಒಂದು ಶಾಲೆಗೆ ಕೊಂಡೊಯ್ದೆನು. ಮಕ್ಕಳು ಕಾದು ಕುಳಿತಿದ್ದರು; ತಮ್ಮ ದನಿಯನ್ನು ಕೇಳಲು ಅತ್ತೆಯವರೂ ಬಂದಿದ್ದರು. ಚಿತ್ರ ಮೂಡಲಿಲ್ಲ, ಧ್ವನಿ ಹೊರಡಲಿಲ್ಲ. ಆ ಯಂತ್ರದಲ್ಲಿ ನನ್ನ ಹೆಸರಿನ ಫೋಲ್ಡರೇ ಇಲ್ಲವಷ್ಟೆ! ಅತ್ತೆಯವರು ಮೆಲ್ಲನೆ, “ನನ್ನ ದನೀನ ಬೆಂಗಳೂರಾಗ ಬಿಟ್ಟು ಬಂದ್ಯೇನಪ್ಪಾ?” ಎಂದರು. ಅವರು ಅರಿಯದೆ ಆಡಿದ ಮಾತು ಅಕ್ಷರಶಃ ನಿಜವಾಗಿತ್ತು.

ಪರಿಹಾರ ಸುಲಭವಾದುದು. ಮೂರು ತಂತ್ರಾಂಶಗಳ ಫೋಲ್ಡರುಗಳನ್ನೂ ‘ಹಂಚಿಕೆ’ಯನ್ನೂ ಒಂದೇ ದೊಡ್ಡ ಫೋಲ್ಡರಿನೊಳಗೆ ನೆರೆಮನೆಗಳಂತೆ ಇಡಬೇಕು. ಬಳಿಕ ಬರೆಯಬೇಕಾದುದು ಎರಡು ಚುಕ್ಕಿ, ಒಂದು ಓರೆಗೆರೆ, ‘ಹಂಚಿಕೆ’ ಎಂಬ ಹೆಸರು, ಇಷ್ಟೇ. ಎರಡು ಚುಕ್ಕಿಗಳೆಂದರೆ ‘ಇಲ್ಲಿಂದ ಒಂದು ಹೆಜ್ಜೆ ಹೊರಗೆ’ ಎಂದರ್ಥ. ಯೂನಿಕ್ಸ್ ವ್ಯವಸ್ಥೆಯಲ್ಲಿ ಬಹು ಹಿಂದಿನಿಂದಲೂ ಇದು ರೂಢಿಯಲ್ಲಿದೆ. ಇದನ್ನು ಸಾಪೇಕ್ಷ ಪಥವೆನ್ನಬಹುದು. ದೊಡ್ಡ ಫೋಲ್ಡರನ್ನು ಯಾವ ಯಂತ್ರಕ್ಕೆ ಒಯ್ದರೂ ಒಳಗಿನ ನೆರೆಹೊರೆ ಕೆಡುವುದಿಲ್ಲ.

ಆದರೂ ಎರಡು ಎಚ್ಚರಿಕೆಗಳುಂಟು. ಎಡಕ್ಕೆ ಮೂರನೆಯ ಬಾಗಿಲೆಂದರೆ ಸಾಲದು. ಗುಡಿಗೆ ಬೆನ್ನು ಮಾಡಿ ನಿಂತಿರಬೇಕು. ತಂತ್ರಾಂಶವು ಎಷ್ಟೋ ಸಲ ತಾನಿರುವ ಫೋಲ್ಡರಿನಿಂದ ದಾರಿಯನ್ನು ಎಣಿಸದೆ, ತನ್ನನ್ನು ಎಲ್ಲಿಂದ ಕರೆದರೋ ಅಲ್ಲಿಂದ ಎಣಿಸಿ ದಾರಿ ತಪ್ಪುವುದು. ತಾನಿರುವ ಸ್ಥಳವನ್ನು ಮೊದಲು ಅರಿತು, ಅಲ್ಲಿಂದಲೇ ಹೊರಡುವಂತೆ ಅದಕ್ಕೆ ಕಲಿಸಬೇಕು. ಎರಡನೆಯದು: ನಾಲ್ವರಲ್ಲಿ ಒಬ್ಬನನ್ನು ಮಾತ್ರ ಬೇರೆಡೆಗೆ ಒಯ್ದರೆ, ಇಲ್ಲವೆ ಹಂಚಿಕೆಯ ಹೆಸರನ್ನು ಬದಲಿಸಿದರೆ, ದಾರಿ ಮುರಿಯುವುದು. ನೆರೆಯವರು ಕೂಡಿ ಹೊರಟರೆ ಮಾತ್ರ ನೆರೆತನ ಉಳಿದೀತು.

ಮರುತಿಂಗಳು ಮತ್ತೆ ಹೋದೆನು. ಈ ಸಲ ಯಂತ್ರ ಮಾತಾಡಿತು. ಮಕ್ಕಳು ನಕ್ಕರು, ಅತ್ತೆಯವರು ನಗಲಿಲ್ಲ. ಕಿವಿಗೊಟ್ಟು ಕೇಳಿ, “ಆ ಗಾದಿ ತಪ್ಪು ಹೇಳೀನಿ, ಮತ್ತ ಹೇಳ್ತೀನಿ, ತಿದ್ದು” ಎಂದರು. ಅಂದು ಸಂಜೆ ಅವರ ಮನೆಯ ಪಡಸಾಲೆಯಲ್ಲಿ ಕುಳಿತು ಒಂದೇ ಕಡತವನ್ನು ಬದಲಿಸಿದೆನು. ಮರುದಿನ ಮೂರೂ ಒಂದೇ ಮಾತನ್ನಾಡಿದವು.